ತಪ್ಪಾದರೆ ಭಾರ ಯಾರ ಮೇಲೆ?

ಸಾಕ್ಷ್ಯ ಪೂರ್ತಿ ಕೈಸೇರುವ ಮೊದಲು ಮಾತಾಡಬಹುದೇ, ಬಾಯಿ ಮುಚ್ಚಿಕೊಂಡಿರಬೇಕೇ? ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನಮ್ಮ ಕಾಸರಗೋಡಿನಲ್ಲಿ ಇದು ಚರ್ಚಾಕೂಟದ ವಿಷಯವಲ್ಲ. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ಹಲವು ದಶಕ ಹಳ್ಳಿ ವೈದ್ಯರಾಗಿ ದುಡಿದ ಡಾ. ವೈ.ಎಸ್. ಮೋಹನ ಕುಮಾರ್ ಎದುರು ಬಂದು ನಿಂತದ್ದು ಇದೇ ಪ್ರಶ್ನೆ. ಅವರ ಬಳಿಗೆ ಬರುತ್ತಿದ್ದವರು ಸುತ್ತಲಿನ ನಾಲ್ಕಾರು ಗುಡ್ಡಗಳ ಜನ. ಅಷ್ಟು ಸಣ್ಣ ಜಾಗದಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟುವಾಗಲೇ ಸೊಟ್ಟಗಿರುವ ಕೈಕಾಲು, ಕ್ಯಾನ್ಸರ್, ಮಾನಸಿಕ ಕಾಯಿಲೆ ಇವೆಲ್ಲ ಒಟ್ಟೊಟ್ಟಿಗೆ ಕಾಣತೊಡಗಿದವು. ಕಾಯಿಲೆಯ ಮನೆಗಳು ಒಂದೇ ತೋಡಿನ, ಅಂದರೆ ಸಣ್ಣ ಹಳ್ಳದ, ಆಚೀಚೆ ಇದ್ದವು. ತೋಡು ಹುಟ್ಟುವ ಗುಡ್ಡದ ಮೇಲೆ ಗೇರು ಪ್ಲಾಂಟೇಶನ್ ಇತ್ತು.

ಒಬ್ಬ ಹಳ್ಳಿ ವೈದ್ಯನ ಕೈಯಲ್ಲಿ ಏನಿರುತ್ತದೆ? ಪ್ರಯೋಗಾಲಯ ಇಲ್ಲ, ಸಂಶೋಧನೆಗೆ ದುಡ್ಡಿಲ್ಲ, ಹೋಲಿಸಿ ನೋಡಲು ಇನ್ನೊಂದು ಊರಿನ ಅಂಕಿಅಂಶ ಇಲ್ಲ. ಇರುವುದು ರೋಗಿಗಳ ಚೀಟಿ ಮತ್ತು ಅವರ ಮನೆಯ ದಾರಿ. 1990ರ ದಶಕದಲ್ಲಿ ಅವರು ವೈದ್ಯರ ಪತ್ರಿಕೆಗೆ ಬರೆದರು. ಇಲ್ಲಿ ಏನೋ ಆಗುತ್ತಿದೆ, ತಿಳಿದವರು ಬಂದು ನೋಡಬೇಕು ಎಂಬುದು ಅದರ ಸಾರ. ಇಂಥದ್ದರಿಂದಲೇ ಆಯಿತು ಎಂಬ ತೀರ್ಪು ಬೇರೆ, ಬಂದು ನೋಡಿ ಎಂಬ ಕರೆ ಬೇರೆ. ನನಗೆ ಅವರ ಮೇಲಿನ ಗೌರವ ಹುಟ್ಟಿದ್ದೇ ಈ ಅಂತರದಿಂದ. ತಿಳಿದಷ್ಟನ್ನು ಹೇಳುವುದು, ತಿಳಿಯದ್ದನ್ನು ತಿಳಿಯದು ಎಂದೇ ಹೇಳುವುದು, ಆದರೆ ತಿಳಿಯದು ಎಂಬ ನೆಪದಲ್ಲಿ ಸುಮ್ಮನಿರದೆ ಇರುವುದು. ಅವರ ಅನುಮಾನ ಸುಳ್ಳಾಗಿದ್ದರೆ ನಗೆಪಾಟಲಾಗುತ್ತಿದ್ದವರು ಅವರು. ಸುಮ್ಮನಿದ್ದು ಅನುಮಾನ ನಿಜವಾಗಿದ್ದರೆ ಅದರ ಫಲ ಉಣ್ಣುವವರು ಇನ್ನೂ ಹುಟ್ಟದ ಮಕ್ಕಳು. ಎರಡನ್ನೂ ತೂಗಿ ನೋಡಿದಾಗ ಮಾತಾಡುವುದೇ ಸರಿ ಎಂದು ಅವರಿಗೆ ಅನಿಸಿರಬೇಕು.

ಹೊರಗಿನವರಿಗಾಗಿ ಸ್ವಲ್ಪ ಹಿನ್ನೆಲೆ. ಕೇರಳ ಸರಕಾರದ ಅಧೀನದಲ್ಲಿರುವ ಪ್ಲಾಂಟೇಶನ್ ಕಾರ್ಪೊರೇಷನ್ನಿಗೆ ಕಾಸರಗೋಡು ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ಗೇರು ತೋಟವಿದೆ. ಗೇರಿಗೆ ಚಿಗುರೊಡೆಯುವ, ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ಬರುತ್ತದೆ. ಎಳೆಯ ಚಿಗುರು, ಹೂಗೊಂಚಲುಗಳ ರಸ ಹೀರಿ ಕರಟಿಸಿಬಿಡುತ್ತದೆ. ಅದಕ್ಕೆ ಮದ್ದೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಯಲುಸೀಮೆಯಲ್ಲಾದರೆ ಗಿಡದ ತಲೆಯ ಮೇಲೆಯೇ ಹಾರಿಸಬಹುದೇನೋ. ನಮ್ಮದು ಏರುತಗ್ಗಿನ ಮುರಕಲ್ಲಿನ ನೆಲ. ಗುಡ್ಡದ ನೆತ್ತಿಯಲ್ಲಿ ಗೇರು, ಬುಡದಲ್ಲಿ ಅಡಿಕೆ ತೋಟ, ಮನೆ, ಶಾಲೆ. ಕುಡಿಯುವ ನೀರು ಬರುವುದು ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ, ತೋಡಿನಿಂದ, ತೆರೆದ ಕೆರೆ ಬಾವಿಗಳಿಂದ. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಎಲ್ಲಿಗೆ ಹೋದೀತು?

ಪಡ್ರೆಯ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳಿದ್ದರು. ಕೃಷಿ ಇಲಾಖೆಯ ನೌಕರಿ. ಕೀಟನಾಶಕ ಬಳಸಿ ಎಂದು ರೈತರಿಗೆ ಹೇಳುವ ಇಲಾಖೆಯದೇ ಸಂಬಳ ತಿನ್ನುತ್ತಿದ್ದ ಅವರು 1998ರಲ್ಲಿ ನಮ್ಮ ಜಿಲ್ಲೆಯದೇ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ಕೆಲಸ ಹೋಗಬಹುದಿತ್ತು, ಊರಿನವರ ಸಿಟ್ಟಿಗೆ ಗುರಿಯಾಗಬಹುದಿತ್ತು. ಅದೆಲ್ಲ ಗೊತ್ತಿದ್ದೇ ಕೋರ್ಟಿನ ಮೆಟ್ಟಿಲು ಹತ್ತಿದವರು ಅವರು.

ಇವರ ಬಗ್ಗೆ ಓದಿ, ಕೇಳಿ, ತಿರುತಿರುಗಿ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಯಾವುದು ಸರಿ, ಯಾವುದು ತಪ್ಪು ಎಂದು ಖಚಿತವಾಗಿ ತಿಳಿಯದ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬಹುದು: ನನ್ನ ಎಣಿಕೆ ತಪ್ಪಾದರೆ ಅದರ ಭಾರ ಹೊರುವವರು ಯಾರು? ಹೊರುವವನು ನಾನೇ ಆದರೆ ಧೈರ್ಯ ಮಾಡಬಹುದು. ಹೊರುವವರು ಈ ಮಾತುಕತೆಯಲ್ಲಿ ಬಾಯಿಯೇ ಇಲ್ಲದ ಇನ್ಯಾರೋ ಆದರೆ ನಿಲ್ಲಬೇಕು.

ಹೇಳುವುದು ಸುಲಭ. ಪ್ಲಾಂಟೇಶನಿನಲ್ಲಿ ಕೂಲಿಗೆ ಹೋಗುತ್ತಿದ್ದವರ ಮನೆಗಳೂ ಅದೇ ಗುಡ್ಡದ ಬುಡದಲ್ಲಿದ್ದವು. ವರ್ಷವಿಡೀ ಕೆಲಸ ಕೊಡುವ ಜಾಗ ನಮ್ಮ ಕಡೆ ಆಗ ಬೇರೆ ಇರಲಿಲ್ಲ. ಸಿಂಪಡಣೆ ನಿಲ್ಲಲಿ ಎಂದರೆ ತೋಟವೇ ಮುಚ್ಚಿಹೋದೀತು ಎಂಬ ಹೆದರಿಕೆ ಅವರದು. ಅವರನ್ನು ಕಂಪನಿಯ ಕಡೆಯವರು ಎಂದು ದೂರುವುದನ್ನು ನಾನು ಒಪ್ಪುವುದಿಲ್ಲ. ಒಲೆ ಉರಿಯಬೇಕಾದ ಮನೆಯ ಆಯ್ಕೆಯನ್ನು ಹೊಟ್ಟೆ ತುಂಬಿದವರು ಅಳೆಯಬಾರದು. ಉಳಿದ ವಿಷವನ್ನು ಮಿಂಚಿಪದವು ಗೇರು ತೋಟದ ಹಳೆಯ ಬಾವಿಗೆ ಹಾಕಿ ಮುಚ್ಚಿದರು ಎಂಬ ಆರೋಪ ಬೆಳಕಿಗೆ ಬಂದು ಹಸಿರು ನ್ಯಾಯಪೀಠದವರೆಗೆ ಹೋಯಿತಲ್ಲ, ಆ ಮಾತು ಹೊರಬಿದ್ದದ್ದೂ ಅಲ್ಲಿ ದುಡಿದವರ ಬಾಯಿಂದಲೇ.

ಇನ್ನೊಂದು ಕಡೆಯವರೂ ಇದ್ದಾರೆ. ಕಾಯಿಲೆಗೂ ಎಂಡೋಸಲ್ಫಾನಿಗೂ ಇರುವ ನಂಟು ವೈಜ್ಞಾನಿಕವಾಗಿ ಸಾಬೀತಾಗಿಲ್ಲ, ಸಮೀಕ್ಷೆಗಳಲ್ಲಿ ದೋಷಗಳಿವೆ ಎಂದು ವಾದಿಸುವ ಕೃಷಿ ವಿಜ್ಞಾನಿಗಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರ ಮೇಲೆ ಹರಿಹಾಯುವವರ ಜೊತೆ ನಾನು ಸೇರಲಾರೆ. ಪ್ರಶ್ನೆ ಕೇಳುವುದು ವಿಜ್ಞಾನಿಯ ಕೆಲಸ. ಆದರೆ ಅವರ ಪ್ರಶ್ನೆ ಬಗೆಹರಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾದರೆ ಆ ಇಪ್ಪತ್ತು ವರ್ಷ ಮಗನನ್ನು ಎತ್ತಿ ಮಲಗಿಸಿ ತಿನ್ನಿಸುವವಳು ತಾಯಿ. ಸಂಶಯದ ಲಾಭ ಯಾರಿಗೆ ಸಿಗಬೇಕು ಎಂಬುದು ವಿಜ್ಞಾನದ ಪ್ರಶ್ನೆ ಅಲ್ಲವೇ ಅಲ್ಲ, ಅದು ನ್ಯಾಯದ ಪ್ರಶ್ನೆ. 2011ರ ಏಪ್ರಿಲಿನಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ನಮ್ಮ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಕೊನೆಯ ಸಾಕ್ಷ್ಯ ಬರಲಿ ಎಂದು ಕೋರ್ಟ್ ಕಾಯಲಿಲ್ಲ. ಅದು ಸರಿಯಾದ ನಡೆ ಎಂದೇ ನಾನು ತಿಳಿದಿದ್ದೇನೆ.

ಇನ್ನು ನನ್ನ ಕಡೆಯದು. ನಾನು ಕನ್ನಡ ಮಾಧ್ಯಮದ ಶಾಲೆಯ ಮೇಷ್ಟ್ರು. ನಮ್ಮ ಕಡೆ ಕನ್ನಡ ಮೇಷ್ಟ್ರಿಗೆ ಸಂಬಳವಿಲ್ಲದ ಇನ್ನೊಂದು ಕೆಲಸ ತಾನಾಗಿ ಗಂಟುಬೀಳುತ್ತದೆ: ಅರ್ಜಿ ಬರೆಯುವುದು. ಸರಕಾರದ ಕಾಗದ ಬರುವುದು ಮಲಯಾಳದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ಹುಟ್ಟಿದವರಿಗೂ ಗಡಿಭಾಗದ ಹಳ್ಳಿಗಳಲ್ಲಿ ಓದಿದ್ದು ಕನ್ನಡ, ಮನೆಯಲ್ಲಿ ಆಡುವುದು ತುಳುವೋ ಹವಿಗನ್ನಡವೋ ಮರಾಟಿಯೋ. ಕಚೇರಿಯಿಂದ ಬಂದ ಕಾಗದ ಹಿಡಿದುಕೊಂಡು ಅವರು ಯಾರ ಬಳಿ ಹೋಗಬೇಕು? ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ವೇದಿಕೆಯಲ್ಲಿ ಮಾತಾಡುವಾಗ ನನ್ನ ಕಣ್ಣ ಮುಂದೆ ಬರುವುದು ಭಾಷಣದ ಅಕ್ಷರಗಳಲ್ಲ, ಈ ಕಾಗದಗಳು.

ಎಂಡೋಸಲ್ಫಾನ್ ಸಂತ್ರಸ್ತರ ಸರಕಾರಿ ಪಟ್ಟಿಗೆ ಹೆಸರು ಆಯುವ 2017ರ ವೈದ್ಯಕೀಯ ಶಿಬಿರದ ಮೊದಲು ಒಬ್ಬ ತಾಯಿ ಮನೆಗೆ ಬಂದರು. ಮಗ ಮಲಗಿದಲ್ಲೇ. ಪ್ಲಾಸ್ಟಿಕ್ ಚೀಲದೊಳಗೆ ಮಂಗಳೂರಿನ ಆಸ್ಪತ್ರೆಯ ಚೀಟಿಗಳು, ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದಿನಿಂದ ಸೆಲೋಟೇಪು ಅಂಟಿಸಿದ್ದವು. ಟೇಪು ಹಳದಿಯಾಗಿ ಅಡಿಯ ಶಾಯಿ ಮಾಸಿತ್ತು. ಒಂದೊಂದೇ ಬಿಡಿಸಿ ಜಗಲಿಯಲ್ಲಿ ಹರಡಿ, ತಾರೀಖಿನ ಪ್ರಕಾರ ಜೋಡಿಸಿದೆವು. ತೊಂದರೆ ಯಾವಾಗ ಶುರುವಾಯಿತು ಎಂದು ಕೇಳಿದೆ. ಎರಡು ವರ್ಷದವರೆಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ, ಒಂದು ಜ್ವರ ಬಂತು, ಫಿಟ್ಸ್ ಬಂತು, ಆಮೇಲೆ ಏಳಲಿಲ್ಲ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ಟ್ರೇ, ಹುಟ್ಟಿನಿಂದಲೇ ಅಂತ ಬರೆದುಬಿಡಿ. ಜ್ವರ ಅಂತ ಬರೆದವರದ್ದನ್ನೆಲ್ಲ ತೆಗೆದು ಹಾಕುತ್ತಾರಂತೆ" ಎಂದರು.

ಪೆನ್ನು ನನ್ನ ಕೈಯಲ್ಲಿತ್ತು. ಆ ತಾಯಿ ಬಸುರಿಯಾಗಿದ್ದಾಗ ಪ್ಲಾಂಟೇಶನಿನ ಕೆಳಗಿನ ಮನೆಯಲ್ಲಿದ್ದರು, ಗೇರುಬೀಜ ಹೆಕ್ಕಲು ಹೋಗುತ್ತಿದ್ದರು, ಹೆಲಿಕಾಪ್ಟರ್ ಬರುತ್ತಿದ್ದ ಕಾಲವದು. ಮಗನ ಕಾಯಿಲೆಗೆ ಜ್ವರವೇ ಕಾರಣವೋ, ಒಳಗಿದ್ದ ಕೊರತೆ ಜ್ವರದ ನೆಪದಲ್ಲಿ ಹೊರಬಂತೋ ಹೇಳಲು ನಾನು ಯಾರು? ಮೊದಲು ಹೇಳಿದ ನನ್ನ ಪ್ರಶ್ನೆಯನ್ನೇ ಇಲ್ಲಿ ಹಾಕಿದರೆ ಉತ್ತರ ಆ ತಾಯಿಯ ಪರವಾಗಿಯೇ ಬರುತ್ತದೆ. ನಾನು ಸತ್ಯವನ್ನೇ ಬರೆದು ಹೆಸರು ಬಿಟ್ಟುಹೋದರೆ ನನಗೇನೂ ನಷ್ಟವಿಲ್ಲ. ಭಾರವೆಲ್ಲ ಅವರದು. ನನ್ನ ಪ್ರಾಮಾಣಿಕತೆಯ ಬೆಲೆಯನ್ನು ಆ ಮಗ ತೆರಬೇಕೇ?

ಆದರೂ ಆ ಸುಳ್ಳನ್ನು ಬರೆಯಲು ನಾನು ಒಪ್ಪಲಿಲ್ಲ. ಒಂದು ಅರ್ಜಿಯ ಒಂದು ಸಾಲು ಸುಳ್ಳೆಂದು ಸಿಕ್ಕಿಬಿದ್ದರೆ, ಇವರೆಲ್ಲ ಹೀಗೆಯೇ ಎಂದು ಹೇಳಲು ಕಾಯುತ್ತಿರುವವರಿದ್ದಾರೆ. ಆಗ ಆಚೆಮನೆಯ, ಈಚೆಮನೆಯ ನಿಜದ ಸಾಲುಗಳ ಮೇಲೂ ಕಣ್ಣು ಬೀಳುತ್ತದೆ. ಭಾರ ಹೊರುವವರ ಲೆಕ್ಕದಲ್ಲಿ ಅವರೂ ಇದ್ದಾರೆ, ಜಗಲಿಯಲ್ಲಿ ನಮ್ಮ ಎದುರು ಕೂತಿರಲಿಲ್ಲ ಅಷ್ಟೆ. ಇದನ್ನು ಆ ತಾಯಿಗೆ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕೆಂದೂ ಇಲ್ಲ.

ಬರೀ ಬೇಡ ಎಂದು ಹೇಳಿ ಕೈತೊಳೆದುಕೊಂಡರೆ ಅದು ಪ್ರಾಮಾಣಿಕತೆ ಅಲ್ಲ, ಸೋಮಾರಿತನ. ಆ ಅರ್ಜಿಯಲ್ಲಿ ಕೇಳದೇ ಬಿಟ್ಟ ಸಂಗತಿಗಳು ಎಷ್ಟೋ ಇದ್ದವು. ಬೇರೆ ಹಾಳೆ ತೆಗೆದುಕೊಂಡೆವು. ಮದುವೆಯಾಗಿ ಆ ಮನೆಗೆ ಬಂದ ವರ್ಷ, ನೀರು ತರುತ್ತಿದ್ದ ಕೆರೆ, ಕೂಲಿಗೆ ಹೋದ ಕಾಲ, ಈ ಮಗ ಹುಟ್ಟುವ ಮೊದಲು ಇಳಿದುಹೋದ ಎರಡು ಬಸಿರು, ಮಗ ನಡೆದ ತಿಂಗಳು, ಜ್ವರದ ದಿನ, ಯಾವ ಆಸ್ಪತ್ರೆ, ಯಾವ ಚೀಟಿ. ಎಲ್ಲ ಕನ್ನಡದಲ್ಲಿ ಬರೆದು, ಮಲಯಾಳ ಬಲ್ಲ ಸಹೋದ್ಯೋಗಿಯ ಹತ್ತಿರ ಮಲಯಾಳಕ್ಕೆ ಮಾಡಿಸಿ, ಕೂಲಿಯ ಕಾಲವನ್ನು ಗೊತ್ತುಮಾಡಿಕೊಳ್ಳಲು ಜೊತೆಗೆ ಕೆಲಸ ಮಾಡಿದವರನ್ನು ಹುಡುಕಿಕೊಂಡು ಹೋಗಿ, ಆರೋಗ್ಯ ಕೇಂದ್ರಕ್ಕೆ ಕೊಟ್ಟೆವು. ಧರ್ಮಸಂಕಟ ಎಂದು ನಾವು ನಿಟ್ಟುಸಿರು ಬಿಡುವ ಎಷ್ಟೋ ಕಡೆ ಮೂರನೆಯದೊಂದು ದಾರಿ ಇರುತ್ತದೆ. ಅದರಲ್ಲಿ ನಡೆಯುವ ಆಯಾಸ ನಮ್ಮ ಪಾಲಿಗೆ ಬರುವುದರಿಂದ ಅದು ಕಾಣುವುದಿಲ್ಲ.

ಫಲ ಸಿಕ್ಕಿತೇ ಎಂದರೆ, ಇಲ್ಲ. ಆ ಶಿಬಿರದ ನಂತರ 1,905 ಜನರ ಪ್ರಾಥಮಿಕ ಪಟ್ಟಿ ತಯಾರಾಗಿ, ಅದು 287ಕ್ಕೆ ಇಳಿಯಿತು. ಮೊದಲನೆಯದರಲ್ಲಿದ್ದ ಈ ಹುಡುಗನ ಹೆಸರು ಎರಡನೆಯದರಲ್ಲಿರಲಿಲ್ಲ. 2019ರ ಜನವರಿಯಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಹೋಗಿ ಕೂತದ್ದು ಇಂಥ ಕಾರಣಕ್ಕೆ. ಪಟ್ಟಿಯಲ್ಲಿದ್ದವರಿಗಾದರೂ ಸಿಕ್ಕಿತೇ? ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿ 10ರಂದು. ಐದು ವರ್ಷ ಕಳೆದು 2022ರಲ್ಲಿ ಕೋರ್ಟ್ ಲೆಕ್ಕ ಕೇಳಿದಾಗ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಹಣ ತಲುಪಿದ್ದು ಎಂಟು ಜನರಿಗೆ, ಅದೂ ಕೋರ್ಟಿಗೆ ಹೋದವರಿಗೆ. ಕಚೇರಿಯಲ್ಲಿ ಕಡತ ಮುಂದೆ ಕಳಿಸದೆ ಇಟ್ಟುಕೊಂಡವರು ಯಾರೂ ತಾವೊಂದು ನೈತಿಕ ನಿರ್ಧಾರ ಮಾಡುತ್ತಿದ್ದೇವೆ ಎಂದುಕೊಂಡಿರಲಾರರು. ಅದೇ ನನ್ನ ಎದೆಯನ್ನು ಕೊರೆಯುವುದು. ವಿಳಂಬವೂ ಒಂದು ತೀರ್ಮಾನ, ಸಹಿ ಇಲ್ಲದ ತೀರ್ಮಾನ.

ಮನೆಯೊಳಗಿನ ಸಂಕಟ ಬೇರೆ ಥರದ್ದು. ನಮ್ಮ ಸಂಬಂಧಿಕರೊಬ್ಬರು ಗಂಡಿನ ಕಡೆಯವರು. ನೋಡಿದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಪ್ಲಾಂಟೇಶನ್ ಬದಿಯ ಊರಿನವಳು. ಫೋನು ಮಾಡಿ, "ಮನೆಯಲ್ಲಿ ಹಾಗೆಲ್ಲ ಇರುವವರು ಯಾರಾದರೂ ಇದ್ದಾರಾ? ನಿನಗೆ ಗೊತ್ತಿರುತ್ತದಲ್ಲ" ಎಂದು ಕೇಳಿದರು. ಗೊತ್ತಿತ್ತು. ಅವಳಣ್ಣ ಹಾಸಿಗೆಯಲ್ಲಿದ್ದ. ಇಲ್ಲ ಎಂದರೆ ನಂಬಿ ಕೇಳಿದವರಿಗೆ ಮೋಸ. ಇದ್ದಾನೆ ಎಂದರೆ ಊರಿನ ಹೆಸರು ಕೇಳಿಯೇ ಸಂಬಂಧ ಮುರಿದುಹೋಗುವುದನ್ನು ಕಂಡಿದ್ದೇನೆ, ಅವಳು ಬಾಯಿ ತೆರೆಯುವ ಮೊದಲೇ ಅವಳ ಬದುಕಿನ ಬಗ್ಗೆ ನಾನು ತೀರ್ಪು ಕೊಟ್ಟಂತೆ. ಇದನ್ನು ನನ್ನನ್ನು ಕೇಳಬೇಡಿ, ಹುಡುಗಿಯನ್ನೇ ಕೇಳಿ ಎಂದೆ. ಆ ಮಾತಿನಲ್ಲೇ ಉತ್ತರವಿದೆ ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆಂದು ನನಗೆ ತಿಳಿದಿತ್ತು. ಹಾಗಾಗಿ ಕೂಡಲೇ ಅವಳಿಗೆ ಫೋನು ಮಾಡಿ, ಹೀಗೆ ಕೇಳಿದ್ದಾರೆ, ನಾನು ಹೀಗೆ ಹೇಳಿದ್ದೇನೆ ಎಂದು ತಿಳಿಸಿದೆ. ಅವಳು ತಾನೇ ಅವರಿಗೆ ಕರೆ ಮಾಡಿ, ಅಣ್ಣನಿದ್ದಾನೆ, ಮದುವೆಯಾದ ಮೇಲೂ ಅವನನ್ನು ನೋಡಿಕೊಳ್ಳಲು ತಿಂಗಳಿಗೆ ಕೆಲವು ದಿನ ತವರಿಗೆ ಬರುತ್ತೇನೆ ಎಂದು ಹೇಳಿದಳಂತೆ. ಸಂಬಂಧ ಕೂಡಿಬರಲಿಲ್ಲ. ಸಂಬಂಧಿಕರು ನನ್ನೊಡನೆ ಬಹಳ ಕಾಲ ಮಾತಾಡಲಿಲ್ಲ. ಅವಳು ಮಾತ್ರ ಈಗಲೂ ಊರಿಗೆ ಬಂದಾಗ ಶಾಲೆಯ ಕಡೆ ಬರುತ್ತಾಳೆ.

ಸಾರ್ವಜನಿಕ ಬದುಕಿನಲ್ಲಿ ಇದೇ ಪ್ರಶ್ನೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಗಡಿಯವರಾದ ನಾವು 2020ರ ಮಾರ್ಚಿನಲ್ಲಿ ಕಂಡೆವು. ಕಾಸರಗೋಡಿನಲ್ಲಿ ಕೊರೋನಾ ಪ್ರಕರಣ ಏರುತ್ತಿತ್ತು. ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ತಡೆದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೃದಯ, ಕಿಡ್ನಿ, ಹೆರಿಗೆಯ ತೊಡಕು ಎಂದರೆ ಜನ ಓಡುವುದು ಮಂಗಳೂರಿಗೆ, ಅದು ಹಿಂದಿನಿಂದಲೂ ಹಾಗೆಯೇ. ದಾರಿ ಮುಚ್ಚಿದ್ದರಿಂದ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಮುಚ್ಚಿದವರ ಹೆದರಿಕೆ ಸುಳ್ಳಾಗಿರಲಿಲ್ಲ. ತನ್ನ ಜಿಲ್ಲೆಯ ಜನರನ್ನು ಕಾಯಬೇಕಾದ ಅಧಿಕಾರಿಗೆ ಅದು ಕರ್ತವ್ಯವಾಗಿಯೇ ಕಂಡಿರಬೇಕು. ಆದರೆ ಆ ಎಚ್ಚರದ ಬೆಲೆ ಪೂರ್ತಿಯಾಗಿ ಬಿದ್ದದ್ದು ಗಡಿಯ ಈಚೆ ಎದೆನೋವೆಂದು ಒದ್ದಾಡುತ್ತಿದ್ದವನ ಮೇಲೆ. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ ಗಡಿಯಲ್ಲಿ ತಪಾಸಣೆ ಮಾಡಿ ತುರ್ತು ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಗಡಿಯಲ್ಲಿ ವೈದ್ಯರನ್ನು ಕೂರಿಸುವುದು ಮೊದಲ ದಿನವೇ ಸಾಧ್ಯವಿತ್ತು. ಅದಕ್ಕೆ ಜನ ಬೇಕು, ದುಡ್ಡು ಬೇಕು, ಹೊಣೆ ಹೊರುವ ಮನಸ್ಸು ಬೇಕು. ಮಣ್ಣಿನ ರಾಶಿಗೆ ಇದ್ಯಾವುದೂ ಬೇಡ.

ಈಚೆಗೆ ನನ್ನ ಮುಂದೆ ಬಂದದ್ದು ಇನ್ನೊಂದು. ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ವೀಡಿಯೊ ಮಾಡುತ್ತಾನೆ, ನೋಡುವವರು ಸಾಕಷ್ಟಿದ್ದಾರೆ. ಎಂಡೋಸಲ್ಫಾನ್ ಮನೆಗಳಿಗೆ ಕರೆದುಕೊಂಡು ಹೋಗಿ ಮೇಷ್ಟ್ರೇ ಎಂದ. ತಲೆ ದೊಡ್ಡದಾದ, ಕೈಕಾಲು ತಿರುಚಿದ ಮಕ್ಕಳ ಚಿತ್ರಗಳು ಲೋಕವೆಲ್ಲ ಸುತ್ತಿದ ಮೇಲೆಯೇ ಸರಕಾರಗಳು ಅಲುಗಾಡಿದ್ದು ಎಂಬುದು ಅವನ ವಾದ. ಅದು ನಿಜ. ಆ ಚಿತ್ರ ತೆಗೆಯುವಾಗ ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ ಎಂಬುದೂ ನಿಜ. ಕರೆದುಕೊಂಡು ಹೋಗುತ್ತೇನೆ, ಮೊದಲ ದಿನ ಮೊಬೈಲು ತೆಗೆಯಬಾರದು, ತಾಯಿಗೆ ಅವಳ ಭಾಷೆಯಲ್ಲಿ ವಿವರಿಸಬೇಕು, ತೆಗೆದಾದ ಮೇಲೂ ಬೇಡ ಎಂದರೆ ಅಳಿಸಬೇಕು ಎಂದೆ. ಒಪ್ಪಿದ. ನಾವು ಹೋದ ಮನೆಯ ತಾಯಿ, ಮಗನ ಮುಖ ಬೇಡ, ಆಸ್ಪತ್ರೆಗೆ ಹೋಗುವ ದಿನ ಅವನನ್ನು ಎತ್ತಿಕೊಂಡು ನಾನು ಇಳಿಯುವ ದಾರಿಯನ್ನು ತೆಗೆ, ಜೀಪು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ತೋರಿಸು ಎಂದರು. ಅವನು ಅದನ್ನೇ ತೆಗೆದ. ಅವನ ಬೇರೆ ವೀಡಿಯೊಗಳಷ್ಟು ಜನ ಇದನ್ನು ನೋಡಲಿಲ್ಲ, ಮುಖ ಇದ್ದಿದ್ದರೆ ರಸ್ತೆಯಾದರೂ ಆಗುತ್ತಿತ್ತೇನೋ ಎಂದು ಅವನಿಗೆ ಈಗಲೂ ಅನಿಸುತ್ತದೆ. ರಸ್ತೆಗಾಗಿ ಪಂಚಾಯತಿಗೆ ಅರ್ಜಿ ಕೊಡೋಣ, ಆ ವೀಡಿಯೊವನ್ನು ಅದರ ಜೊತೆಗಿಡೋಣ ಎಂದು ನಾನು ಹೇಳಿದ್ದೇನೆ. ಅರ್ಜಿ ಬರೆದಾಗಿದೆ, ಮಲಯಾಳಕ್ಕೆ ಆಗಬೇಕಷ್ಟೆ.